ದೇವಳಾಲಿಯ ಜ್ವರ

ಘಟಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಆ ಮಠದಲ್ಲಿ ನಿಜಗುಣ ಎಂಬ ಶಿಷ್ಯನಿದ್ದ. ಹತ್ತೊಂಬತ್ತರ ವಯಸ್ಸಿಗೆ ಬಂದವನಿಗೆ ಈಗ ಮೂವತ್ತೊಂದು.

ಓದಬೇಕಾದದ್ದನ್ನೆಲ್ಲ ಓದಿ ಮುಗಿಸಿದ್ದ. ವಚನವಿರಲಿ, ಶಾಸ್ತ್ರವಿರಲಿ, ಸಂಸ್ಕೃತದ ವ್ಯಾಕರಣವಿರಲಿ, ಅವನೊಡನೆ ವಾದಕ್ಕೆ ಕೂತು ಗೆದ್ದು ಏಳುವವರು ಆ ಸೀಮೆಯಲ್ಲಿ ಇರಲಿಲ್ಲ. ಈ ಸಂಗತಿ ಅವನಿಗೂ ಗೊತ್ತಿತ್ತು.

ಎರಡು ವರ್ಷದ ಹಿಂದೆ ಬಿಳಿಗುಡಿ ಎಂಬ ಊರಿನ ಸ್ವಾಮಿಗಳು ಲಿಂಗೈಕ್ಯರಾಗಿ ಅಲ್ಲಿನ ಮಠ ಬರಿದಾಯಿತು. ಊರ ಹಿರಿಯರು ಬಂದು, ನಮಗೊಬ್ಬ ತಕ್ಕವನನ್ನು ಕೊಡಿ ಎಂದು ನಿಜಗುಣನ ಗುರು ಶಂಭುಲಿಂಗಜ್ಜಾರನ್ನು ಬೇಡಿಕೊಂಡರು. ಹೊತ್ತು ಬಂದಾಗ ಹೇಳಿ ಕಳಿಸುತ್ತೇನೆ ಎಂದರು ಅಜ್ಜಾರು. ಹಾಗೆನ್ನುವಾಗ ಅವರ ಕಣ್ಣು ನಿಜಗುಣನ ಮೇಲಿತ್ತು.

ಅಂದಿನಿಂದ ನಿಜಗುಣ ಕಾಯುತ್ತಿದ್ದ.

ಒಂದು ಹೊಸ ಕಾವಿ ಶಾಲು ತರಿಸಿಟ್ಟುಕೊಂಡಿದ್ದ. ಹೊರಡುವ ದಿನ ಹೊದೆಯಬೇಕೆಂದು. ಸೋಮವಾರಕ್ಕೊಮ್ಮೆ ಅದನ್ನು ಬಿಸಿಲಿಗೆ ಹಾಕಿ, ಮತ್ತೆ ಅದೇ ಮಡಿಕೆಗೆ ಮಡಚಿ ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಹೆಗಲಿಗೆ ಒಮ್ಮೆಯೂ ಹಾಕಿಕೊಂಡಿರಲಿಲ್ಲ.

ಪಾಠ ಹೇಳಲು ಕೂತರೆ ಮನಸ್ಸು ರಸ್ತೆಯ ಮೇಲೆ. ವಿದ್ಯಾರ್ಥಿಗಳು ಒಂದು ಕೇಳಿದರೆ ಇವನು ಇನ್ನೊಂದಕ್ಕೆ ಉತ್ತರ ಕೊಡುತ್ತಿದ್ದ. ದೂರದಲ್ಲಿ ಮೋಟಾರಿನ ಸದ್ದಾದರೆ, ಬಿಳಿಗುಡಿಯವರು ಕರೆಯಲು ಬಂದರೇನೋ ಎಂದು ಬಾಗಿಲವರೆಗೆ ಹೋಗಿ ನೋಡಿ ಬರುತ್ತಿದ್ದ. ಯಾರೂ ಬಂದಿರುತ್ತಿರಲಿಲ್ಲ.

ಪುಷ್ಯಮಾಸದ ಒಂದು ಮಧ್ಯಾಹ್ನ ಬೆಳಗಾವಿಯಿಂದ ಇಬ್ಬರು ಮಠ ನೋಡಲು ಬಂದರು. ಒಬ್ಬರು ಇಂಗ್ಲಿಷ್ ಕಲಿಸಿ ನಿವೃತ್ತರಾದ ಪ್ರೊಫೆಸರ್ ಮಿರಜಕರ, ಇನ್ನೊಬ್ಬರು ಅವರ ಹೆಂಡತಿ. ಅಂಗಳದ ಕಟ್ಟೆಯ ಮೇಲೆ ಒಂದು ತಾಸು ಕೂತರು.

ಅದೇ ಹೊತ್ತಿಗೆ ಮಡಿವಾಳರ ಕತ್ತೆ ಬಟ್ಟೆಯ ಗಂಟು ಹೊತ್ತುಕೊಂಡು ಹೊಳೆಯ ಕಡೆ ಹೋಯಿತು. ಅಜ್ಜಾರು ಎದ್ದು ನಿಂತು ಅದಕ್ಕೆ ಕೈಮುಗಿದರು. ಹೊರೆ ಹೊತ್ತ ಯಾವ ಜೀವ ಎದುರಾದರೂ ಅವರು ನಲವತ್ತು ವರ್ಷದಿಂದ ಹೀಗೆಯೇ ಕೈಮುಗಿಯುತ್ತಿದ್ದರು. ಮಠದವರಿಗೆ ಅದು ರೂಢಿಯಾಗಿತ್ತು.

ಹೊರಡುವಾಗ ಪ್ರೊಫೆಸರರು ಹೆಂಡತಿಯ ಕಿವಿಯ ಹತ್ತಿರ ಬಾಗಿ ಇಂಗ್ಲಿಷಿನಲ್ಲಿ ಏನೋ ಅಂದರು. ಇಬ್ಬರೂ ನಕ್ಕರು. ನಿಜಗುಣನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಒಂದೇ ಒಂದು ಶಬ್ದ ಕಿವಿಗೆ ಸಿಕ್ಕಿತು. ಡೂಲ್ಯಾಲಿ.

ಆ ಶಬ್ದ ಅವನಿಗೆ ಹಲ್ಲಿನ ಸಂದಿಯ ನಾರಿನಂತಾಯಿತು. ಸಂಜೆ ಹೋಗಿ ಗುರುವನ್ನು ಕೇಳಿದ.

"ಡೂಲ್ಯಾಲಿ ಅಂದ್ರ ಏನ್ರಿ ಅಜ್ಜಾರ?"

"ಜೋಗುಳದಂಗ ಕೇಳಸ್ತೈತಿ. ಯಾರು ಅಂದ್ರು?"

"ಮಧ್ಯಾಹ್ನ ಬಂದಿದ್ರಲ್ರಿ, ಅವರು. ಅಂದು ನಕ್ಕರು."

"ಹಂಗಾರ ನಗಸೂ ಶಬ್ದ ಇರಬೇಕು" ಎಂದು ಅಜ್ಜಾರು ಹೊಳೆಗೆ ಹೋದರು.

ಮರುದಿನ ನಿಜಗುಣ ಊರಿನ ಹೈಸ್ಕೂಲಿಗೆ ನಡೆದ. ಅಲ್ಲಿನ ಇಂಗ್ಲಿಷ್ ಮಾಸ್ತರರಿಗೂ ಆ ಶಬ್ದ ಗೊತ್ತಿರಲಿಲ್ಲ. ಕಪಾಟಿನಿಂದ ದಪ್ಪ ನಿಘಂಟು ಇಳಿಸಿ, ಧೂಳು ಹೊಡೆದು, ಬಹಳ ಹೊತ್ತು ಹುಡುಕಿ ಕೊನೆಗೆ ಒಂದು ಪುಟದಲ್ಲಿ ಬೆರಳಿಟ್ಟರು. ತಲೆ ಕೆಟ್ಟವ, ಹುಚ್ಚ ಎಂದು ಅರ್ಥ. ಗ್ರಂಥದ ಮಾತಲ್ಲ, ಆಡುಮಾತು. ಗೆಳೆಯರು ಗೆಳೆಯರು ಸೇರಿದಾಗ ಮೂರನೆಯವನ ಬಗ್ಗೆ ಚೇಷ್ಟೆಗೆ ಆಡುವಂಥದ್ದು.

ನಿಜಗುಣನಿಗೆ ಮೈ ಉರಿಯಿತು. ಅಂಥ ಗುರುವಿಗೆ ಇಂಥ ಮಾತು. ಅದೂ ಅವರದೇ ಅಂಗಳದಲ್ಲಿ ಕೂತು, ಅವರ ಕೈಯ ಪ್ರಸಾದ ತಿಂದು. ಬಿಸಿಲಿನಲ್ಲಿ ದಾಪುಗಾಲು ಹಾಕುತ್ತ ಮಠಕ್ಕೆ ಬಂದ.

ಅಜ್ಜಾರು ಅವರೆಕಾಯಿ ಸುಲಿಯುತ್ತಿದ್ದರು.

"ಅಜ್ಜಾರ, ಅವರು ನಿಮಗ ಹುಚ್ಚ ಅಂದಾರ."

"ಅನ್ಲಿ."

"ನಾ ಬಿಡಾಂಗಿಲ್ಲರಿ. ಬೆಳಗಾವಿಗೆ ಹೋಗಿ ಅವರ ಮನಿ ಬಾಗಿಲದಾಗ ನಿಂತು ಕೇಳ್ತೀನಿ."

ಅಜ್ಜಾರು ಸುಲಿದ ಕಾಳನ್ನು ಬುಟ್ಟಿಗೆ ಹಾಕಿದರು. ತಡೆಯುತ್ತಾರೆಂದು ನಿಜಗುಣ ಎಣಿಸಿದ್ದ. ಅವರು ತಡೆಯಲಿಲ್ಲ.

"ಹೋಗು. ಆದ್ರ ಜಗಳಾ ತಗಿಯೂಕಿಂತ ಮೊದಲು ಒಂದು ಕೇಳು. ಮನಿಗೆ ಬಂದವನ ಊರು ಕೇಳದ ಯಾರರ ಹೊಡೀತಾರೇನು? ಆ ಶಬ್ದದ ಊರು ಯಾವುದು, ಕೇಳ್ಕೊಂಡು ಬಾ."

ನಿಜಗುಣ ಮೊದಲ ಬಸ್ಸಿಗೆ ಬೆಳಗಾವಿಗೆ ಹೋದ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪ್ರೊಫೆಸರರು ಅವನ ಮುಖ ನೋಡಿದ ಕೂಡಲೇ ಬಂದ ಕಾರಣ ಊಹಿಸಿದಂತೆ ಕುರ್ಚಿಯಲ್ಲಿ ಸರಿದು ಕೂತರು. ಅವರ ಹೆಂಡತಿ ಮಜ್ಜಿಗೆ ತಂದಿಟ್ಟರು. ನಿಜಗುಣ ಲೋಟ ಮುಟ್ಟಲಿಲ್ಲ.

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಖಾರವಾದ ಮಾತುಗಳು ನಾಲಗೆಯ ತುದಿಯಲ್ಲಿದ್ದವು. ಗುರುವಿನ ಅಪ್ಪಣೆ ಮುರಿಯಲಾಗದೆ ಅವನ್ನು ನುಂಗಿಕೊಂಡ.

"ಮೊನ್ನೆ ನೀವೊಂದು ಶಬ್ದ ಅಂದ್ರಿ. ಡೂಲ್ಯಾಲಿ. ಅದರ ಊರು ಯಾವುದ್ರಿ?"

ಬೈಗುಳಕ್ಕೆ ಸಿದ್ಧರಾಗಿದ್ದ ಪ್ರೊಫೆಸರರಿಗೆ ಈ ಪ್ರಶ್ನೆ ಅನಿರೀಕ್ಷಿತವಾಗಿತ್ತು. ಅವರ ಮುಖ ಸಡಿಲವಾಯಿತು. ಮೂವತ್ತೈದು ವರ್ಷ ಪಾಠ ಮಾಡಿದ್ದರೂ ಅವರನ್ನು ಇಂಥ ಪ್ರಶ್ನೆ ಕೇಳಿದವರು ಕಡಿಮೆ.

ಅದಕ್ಕೆ ನಿಜವಾಗಿಯೂ ಒಂದು ಊರಿದೆ ಎಂದರು. ನಾಸಿಕದ ಹತ್ತಿರದ ದೇವಳಾಲಿ. ಬ್ರಿಟಿಷರ ಕಾಲದಲ್ಲಿ ಅಲ್ಲೊಂದು ದಂಡಿನ ಠಾಣೆಯಿತ್ತು. ಈ ದೇಶದಲ್ಲಿ ನೌಕರಿಯ ಅವಧಿ ಮುಗಿಸಿದ ಬಿಳಿ ಸಿಪಾಯಿಗಳನ್ನು ಅಲ್ಲಿ ತಂದು ಇರಿಸುತ್ತಿದ್ದರು. ಮುಂಬಯಿಯಿಂದ ಹಡಗು ಹೊರಡುವಾಗ ಹತ್ತಿಸಿ ಊರಿಗೆ ಕಳಿಸಬೇಕು. ಹಡಗು ಹೊರಡುತ್ತಿದ್ದದ್ದು ವರ್ಷದ ಕೆಲವೇ ತಿಂಗಳು. ಉಳಿದ ತಿಂಗಳಲ್ಲಿ ಅವಧಿ ಮುಗಿದವನ ಪಾಡು ಕೇಳುವವರಿಲ್ಲ. ಕೆಲಸ ಮುಗಿದಿದೆ, ಊರಿಗೆ ಹೋಗುವ ಹಾಗಿಲ್ಲ. ಬಿಸಿಲು, ಜ್ವರ, ಹೆಂಡ. ಕಾದು ಕಾದು ಕೆಲವರಿಗೆ ಬುದ್ಧಿಯೇ ಕದಲಿ ಹೋಗುತ್ತಿತ್ತು.

ದೇವಳಾಲಿ ಎಂಬ ಹೆಸರು ಅವರ ಬಾಯಲ್ಲಿ ಡೂಲ್ಯಾಲಿ ಆಯಿತು. ಮೊದಮೊದಲು ಡೂಲ್ಯಾಲಿ ಟ್ಯಾಪ್ ಅನ್ನುತ್ತಿದ್ದರು. ಟ್ಯಾಪ್ ಎಂದರೆ ನಮ್ಮ ಹಿಂದುಸ್ತಾನಿಯ ತಪ್, ಜ್ವರ. ದೇವಳಾಲಿಯ ಜ್ವರ. ಬರಬರುತ್ತ ಜ್ವರ ಉದುರಿ ಊರು ಮಾತ್ರ ಉಳಿಯಿತು. ಈಗಲೂ ಇಂಗ್ಲೆಂಡಿನಲ್ಲಿ ಯಾರಾದರೂ ಹಣೆಯ ಮೇಲೇರಿಸಿದ ಕನ್ನಡಕವನ್ನು ಮನೆಯೆಲ್ಲ ಹುಡುಕಿದರೆ ನಗುತ್ತ ಆ ಮಾತು ಅನ್ನುತ್ತಾರಂತೆ. ಅದೊಂದು ಊರೆಂಬುದು ಅನ್ನುವವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

"ನಿಮಗ ಹೆಂಗ ಗೊತ್ತಾತ್ರಿ?" ಎಂದ ನಿಜಗುಣ. ಸಿಟ್ಟು ಅವನಿಗೆ ಅರಿವಿಲ್ಲದೆ ಸ್ವಲ್ಪ ಇಳಿದಿತ್ತು.

"ಅರ್ಧ ಪುಸ್ತಕದಿಂದ. ಅರ್ಧ ನಮ್ಮ ಅಜ್ಜನಿಂದ."

ಪ್ರೊಫೆಸರರ ಅಜ್ಜ ಆ ಠಾಣೆಯ ಬಾಗಿಲಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಅವರ ಅಂಗಡಿಗೆ ಒಬ್ಬ ಸಿಪಾಯಿ ವಾರಕ್ಕೊಮ್ಮೆ ಬರುತ್ತಿದ್ದ. ಕೈಯಲ್ಲಿ ಒಂದು ಕೋಟು. ಹಡಗು ಹತ್ತುವ ದಿನ ತೊಡಲೆಂದು ಇಟ್ಟುಕೊಂಡದ್ದು. ಕಾಯುವ ಚಿಂತೆಯಲ್ಲಿ ಅವನು ಸೊರಗುತ್ತಿದ್ದ. ಸೊರಗಿದಷ್ಟೂ ಕೋಟು ದೊಗಳೆಯಾಗುತ್ತಿತ್ತು. ಪ್ರತಿವಾರ ಬಂದು ಇನ್ನೊಂದು ಬೆರಳು ಬಿಗಿ ಮಾಡು ಎನ್ನುತ್ತಿದ್ದ. ಹೀಗೆ ಏಳು ತಿಂಗಳು.

ಕೊನೆಗೊಂದು ದಿನ ಹಡಗಿನ ಸುದ್ದಿ ಬಂತು. ಠಾಣೆಯವರೆಲ್ಲ ರೈಲಿಗೆ ಓಡಿದರು. ಆ ಸಿಪಾಯಿ ಮಾತ್ರ ಅಂಗಡಿಯ ಬಾಗಿಲಲ್ಲಿ ಕೋಟು ಹಿಡಿದು ಕೂತಿದ್ದ. ಹೋಗಪ್ಪ, ನಿನ್ನ ಹಡಗು ಬಂದಿದೆ ಎಂದು ಅಜ್ಜ ಕೈಸನ್ನೆ ಮಾಡಿದರು. ಅವನು ಕೋಟು ಮುಂದೆ ಚಾಚಿದನಂತೆ. ಇನ್ನೊಂದು ಬೆರಳು ಬಿಗಿ ಮಾಡು.

ಸೋಮವಾರದ ಬಿಸಿಲು, ಹಗ್ಗದ ಮೇಲಿನ ಶಾಲು ನಿಜಗುಣನ ಕಣ್ಣೆದುರು ಬಂದವು. ಅವನ್ನು ಬದಿಗೆ ತಳ್ಳಿ, ಬಂದ ಕೆಲಸಕ್ಕೆ ತಿರುಗಿದ.

"ಇಷ್ಟೆಲ್ಲ ತಿಳಿದವರು ನಮ್ಮ ಅಜ್ಜಾರಿಗೆ ಆ ಮಾತು ಅನಬಹುದೇನ್ರಿ?"

ಪ್ರೊಫೆಸರರು ಹೆಂಡತಿಯ ಮುಖ ನೋಡಿದರು.

"ಅಜ್ಜಾರಿಗೆ ಅಂದಿಲ್ಲರಿ" ಎಂದರು.

ಮುಂದಿನದನ್ನು ಆ ತಾಯಿ ಮೆಲ್ಲಗೆ ಹೇಳಿದರು. "ನಿಮಗ ಅಂದದ್ದು. ನಾವು ಕೂತ ಒಂದು ತಾಸಿನಾಗ ಏಳು ಸಲ ಬಾಗಿಲಿಗೆ ಹೋಗಿ ರಸ್ತೆ ನೋಡಿ ಬಂದ್ರಿ. ನಾನ ಎಣಿಸೀನಿ."

ಪ್ರೊಫೆಸರರು ಕ್ಷಮೆ ಕೇಳಿದರು. ಆ ಸಿಪಾಯಿಯ ಕಥೆ ಹೇಳುವಾಗ ತಮ್ಮ ಅಜ್ಜ ಒಮ್ಮೆಯೂ ನಗುತ್ತಿರಲಿಲ್ಲ, ತಾವು ನಗಬಾರದಿತ್ತು ಎಂದರು. ನಿಜಗುಣ ಮಜ್ಜಿಗೆ ಕುಡಿದು, ಕೈಮುಗಿದು, ಬಸ್ ಸ್ಟ್ಯಾಂಡಿನ ದಾರಿ ಹಿಡಿದ.

ಅರ್ಧ ದಾರಿಯವರೆಗೆ ಅವನು ಕಿಟಕಿಯಿಂದ ಮುಖ ಈಚೆಗೆ ತಿರುಗಿಸಲಿಲ್ಲ. ಪಕ್ಕದಲ್ಲಿ ಕೂತವನು ಎಲ್ಲಿಗೆ ಎಂದು ಕೇಳಿದರೂ ಅವನಿಗೆ ಕೇಳಿಸಲಿಲ್ಲ. ಯಾರೋ ಗುರುವನ್ನು ಹುಚ್ಚನೆಂದರೆಂದು ಹುಲಿಯಂತೆ ಹೋದವನು. ಹುಚ್ಚನೆಂದದ್ದು ತನ್ನನ್ನೇ ಎಂದು ತಿಳಿದುಕೊಂಡು ಬರುತ್ತಿದ್ದ.

ಆದರೆ ಓದಿದವನ ಬುದ್ಧಿ ಸುಮ್ಮನಿರುವುದಿಲ್ಲ. ಘಾಟಿ ಇಳಿಯುವ ಹೊತ್ತಿಗೆ ಅದು ತಲೆ ಎತ್ತಿತು. ತಪ್ ಎಂದರೆ ಜ್ವರ. ತಾಪ. ತಪಸ್ಸು. ಕಾಯಿಸುವುದೇ ಈ ಎಲ್ಲದರ ಬೇರು. ಕಾಯುವವನಿಗೆ ಜ್ವರವೂ ಬರಬಹುದು, ತಪಸ್ಸೂ ಆಗಬಹುದು. ಎಂಥ ಮಾತು ಸಿಕ್ಕಿತು ಎನ್ನಿಸಿತು ಅವನಿಗೆ. ಇದರ ಮೇಲೆ ಮೂರು ದಿನದ ಪ್ರವಚನ ಮಾಡಬಹುದು. ಬಸ್ಸಿನಿಂದ ಇಳಿಯುವಾಗ ಪ್ರವಚನದ ಮೊದಲ ವಾಕ್ಯವೂ ಕೊನೆಯ ವಾಕ್ಯವೂ ಸಿದ್ಧವಾಗಿದ್ದವು. ನಾಚಿಕೆ ಎಲ್ಲಿಯೋ ಇಳಿದು ಹೋಗಿತ್ತು.

ಅಜ್ಜಾರು ಬಚ್ಚಲುಮನೆಯಲ್ಲಿ ಹಂಡೆಯ ಕೆಳಗೆ ಉರಿ ಹಾಕುತ್ತ ಕುಕ್ಕರಗಾಲಲ್ಲಿ ಕೂತಿದ್ದರು. ನಿಜಗುಣ ಎಲ್ಲವನ್ನೂ ಹೇಳಿದ. ಆ ಮಾತು ತನಗೇ ಅಂದದ್ದು ಎಂಬುದನ್ನೂ ಮುಚ್ಚಿಡಲಿಲ್ಲ. ಅಷ್ಟು ಹೇಳಿ, ದನಿ ಏರಿಸಿ, ತಾಪ ಮತ್ತು ತಪಸ್ಸಿನ ವಿವರಣೆ ಶುರು ಮಾಡಿದ.

ಅಜ್ಜಾರು ಪೂರ್ತಿ ಕೇಳಿದರು.

"ಚಲೋ ಐತಿ. ಆದ್ರ ಸಂಸ್ಕೃತದ ತನಕ ಯಾಕ ಹೋದಿ? ಹಂಡೆದಾಗ ಕೈ ಹಾಕು."

ನಿಜಗುಣ ಬೆರಳು ಅದ್ದಿ ಚಟ್ಟನೆ ಹಿಂದಕ್ಕೆ ತೆಗೆದ.

"ನೀರು ಏನಾಗ್ಯಾವು?"

"ಕಾದಾವ್ರಿ."

"ಹೊಲದಾಗ ನಮ್ಮ ಬಾಳವ್ವ ಏನ್ ಮಾಡ್ತಾಳ?"

"ಜ್ವಾಳ ಕಾಯ್ತಾಳ್ರಿ."

"ನೀ ಎರಡು ವರ್ಷ ಏನ್ ಮಾಡಿದಿ?"

ನಿಜಗುಣ ಬಾಯಿ ತೆರೆದ. ಉತ್ತರ ಗೊತ್ತಿತ್ತು.

"ಕಾದೆ."

ಮೂರು ದಿನದ ಪ್ರವಚನ ಅಲ್ಲಿಗೆ ಮುಗಿಯಿತು.

ಅಜ್ಜಾರು ಒಂದು ಕಟ್ಟಿಗೆ ಒಳಗೆ ನೂಕಿದರು. "ಬಾಳವ್ವ ನಾಳೆ ಮಗಳ ಬಾಣಂತನಕ್ಕ ಹೊಂಟಾಳ. ಹಾದಿ ಕಾದದ್ದು ಸಾಕು. ನಾಳಿಯಿಂದ ಜ್ವಾಳ ಕಾಯಿ."

ಮಠಕ್ಕೆ ಆರು ಎಕರೆ ಹೊಲವಿತ್ತು. ಜೋಳದ ತೆನೆಯಲ್ಲಿ ಆಗತಾನೆ ಹಾಲು ತುಂಬುತ್ತಿತ್ತು. ನಡುವೆ ನಾಲ್ಕು ಕಂಬದ ಅಟ್ಟಣಿಗೆ. ಅದನ್ನು ಹತ್ತಿ ನಿಂತರೆ ರಸ್ತೆ ಎರಡು ಮೈಲಿ ಉದ್ದಕ್ಕೂ ಕಾಣುತ್ತಿತ್ತು. ಇದೇನು, ಗುರುಗಳು ಹಂಗಿಸುತ್ತಿದ್ದಾರೆಯೇ ಎಂದುಕೊಂಡ ನಿಜಗುಣ.

ಮೊದಲ ದಿನ ದೂರದಲ್ಲಿ ಒಂದು ಧೂಳಿನ ಮೋಡ ಎದ್ದಿತು. ಅದು ಬಸ್ಸಾಗಿ, ಹತ್ತಿರ ಬಂದು, ನಿಲ್ಲದೆ ಹೋಗುವವರೆಗೂ ನೋಡಿದ. ತಿರುಗಿದಾಗ ಗಿಳಿಯ ಹಿಂಡು ತೆಂಕಣ ಬದುವಿನ ಒಂದು ಸಾಲನ್ನೇ ಮುಗಿಸಿ ಹಾರುತ್ತಿತ್ತು.

ಸಂಜೆ ಅಜ್ಜಾರು ಬಂದರು. ಆ ಸಾಲಿನುದ್ದಕ್ಕೂ ನಡೆದರು. ಒಂದು ಬೋಳು ತೆನೆ ಮುರಿದು ನಿಜಗುಣನ ಕೈಗೆ ಕೊಟ್ಟು ಮಠದ ಕಡೆ ನಡೆದರು.

ಬೈದಿದ್ದರೆ ಹಗುರಾಗುತ್ತಿತ್ತು ಅವನಿಗೆ. ಒಂದು ತೆನೆಯ ಹಿಂದೆ ಎಷ್ಟು ಜನರ ಬೆವರಿದೆ ಎಂದು ಪ್ರವಚನದಲ್ಲಿ ಎಷ್ಟೋ ಸಲ ಹೇಳಿದವನು. ಆ ತೆನೆ ಕೈಯಲ್ಲಿ ಹಿಡಿದಾಗ ಒಂದು ವಾಕ್ಯವೂ ನೆನಪಾಗಲಿಲ್ಲ.

ಮರುದಿನ ಅವನು ರಸ್ತೆಗೆ ಬೆನ್ನು ಹಾಕಿ ಕೂತ.

ಹಾಗೆ ಕೂತವನಿಗೆ ಹಕ್ಕಿ ಕಾಣತೊಡಗಿದವು. ಗುಬ್ಬಿ ಸದ್ದಿಲ್ಲದೆ ತಗ್ಗಿನಲ್ಲಿ ಬರುತ್ತದೆ. ಗಿಳಿ ದೂರದಿಂದಲೇ ಕೂಗಿ ಹೇಳಿ ಬರುತ್ತದೆ. ನಡುಮಧ್ಯಾಹ್ನ ಒಂದಿಷ್ಟು ಹೊತ್ತು ಯಾವ ಹಕ್ಕಿಯೂ ಬಾರದು, ರೊಟ್ಟಿ ತಿನ್ನಬೇಕಾದರೆ ಆಗಲೇ ತಿನ್ನಬೇಕು. ಕವಣೆ ಬೀಸಿದರೆ ಸಾಕು, ಹಕ್ಕಿಗೆ ಕಲ್ಲು ತಾಗಬೇಕಾಗಿಲ್ಲ, ಸದ್ದು ತಾಗಿದರೆ ಆಯಿತು. ಇದನ್ನೆಲ್ಲ ಅವನಿಗೆ ಯಾರೂ ಹೇಳಿಕೊಡಲಿಲ್ಲ.

ಬೆಳಗಿನ ಜಾವ ಚಳಿ ಬಹಳ. ನಾಲ್ಕನೆಯ ದಿನ ಪೆಟ್ಟಿಗೆ ತೆರೆದು ಕಾವಿ ಶಾಲು ಹೊದ್ದುಕೊಂಡು ಹೋದ. ಎಲ್ಲಿ ಮಾಸೀತೋ ಎಂದು ಆ ಬೆಳಿಗ್ಗೆ ಹಿಡಿದು ಹಿಡಿದು ಕೂತ. ವಾರ ಕಳೆಯುವುದರೊಳಗೆ ಅದಕ್ಕೆ ಜೋಳದ ಹೊಟ್ಟು ಹತ್ತಿತು, ಬದುವಿನ ಮುಳ್ಳಿಗೆ ಸಿಕ್ಕಿ ಸೆರಗು ಹರಿಯಿತು. ಹರಿದದ್ದು ಅವನು ನೋಡಿದ್ದು ಎರಡು ದಿನ ತಡವಾಗಿ.

ನಿಜಗುಣ ಹೊಲ ಬಿಟ್ಟು ಬರುವಂತಿಲ್ಲವೆಂದು ವಿದ್ಯಾರ್ಥಿಗಳು ಪುಸ್ತಕ ಹಿಡಿದು ಅಲ್ಲಿಗೇ ಬಂದರು. ಅಟ್ಟಣಿಗೆಯ ನೆರಳಿನಲ್ಲಿ ಪಾಠ ನಡೆಯಿತು. ಹಿಂಡು ಬಂದರೆ ಪಾಠ ನಿಲ್ಲುತ್ತಿತ್ತು. ನಿಜಗುಣ ಎದ್ದು, ಕೂಗಿ, ಕವಣೆ ಬೀಸಿ, ಕೂತು, ಬಿಟ್ಟ ಶಬ್ದದಿಂದಲೇ ಮತ್ತೆ ಮುಂದುವರಿಸುತ್ತಿದ್ದ. ಈಗ ಅವರು ಕೇಳಿದ ಪ್ರಶ್ನೆಗೇ ಉತ್ತರ ಸಿಗುತ್ತಿತ್ತು. ಅವರು ತಮ್ಮೊಳಗೆ ಆ ಮಾತು ಆಡಿಕೊಂಡರು, ಅವನಿಗೆ ಹೇಳಲಿಲ್ಲ.

ಹೀಗೆ ತಿಂಗಳಾಯಿತು. ಕಾಳು ಗಟ್ಟಿಯಾಯಿತು.

ಒಂದು ಬೆಳಿಗ್ಗೆ ಬಿಳಿಗುಡಿಯ ಮೂವರು ಹಿರಿಯರು ಬಸ್ಸಿನಿಂದ ಇಳಿದರು. ಮುಂದೆ ಊರಗೌಡರಾದ ಪರಗೌಡರು. ಬಸ್ಸು ನಿಂತದ್ದು ನಿಜಗುಣನಿಗೆ ಕೇಳಿಸಲಿಲ್ಲ. ಅವನು ಮೂಡಣ ಬದುವಿನಲ್ಲಿ ಗುಬ್ಬಿ ಎಬ್ಬಿಸುತ್ತಿದ್ದ.

ಅವರು ಅಜ್ಜಾರ ಮುಂದೆ ಕೂತು ತಮ್ಮ ಕಷ್ಟ ಹೇಳಿಕೊಂಡರು. ಮಠದ ಬಾಗಿಲಿಗೆ ಗೆದ್ದಲು ಹತ್ತಿದೆ. ಜಗಳವಾದರೆ ನ್ಯಾಯ ಹೇಳುವವರಿಲ್ಲ, ಸಾವಾದರೆ ಸಮಾಧಾನ ಹೇಳುವವರಿಲ್ಲ. ಇನ್ನು ಎಷ್ಟು ದಿನ ಎಂದು ಕೇಳಿದರು. ಅಜ್ಜಾರು ಕೋಲು ಹಿಡಿದು ಎದ್ದು, ಅವರನ್ನು ಕರೆದುಕೊಂಡು ಹೊಲಕ್ಕೆ ಬಂದರು.

"ನಿಜಗುಣಾ, ಬಿಳಿಗುಡಿಯವರು ಬಂದಾರ. ಹೊತ್ತು ಬಂದೈತಿ. ಹೋಗ್ತಿಯೇನು?"

ನಿಜಗುಣ ಬದುವಿನಿಂದ ಇಳಿದು ಬಂದು ಗುರುವಿನ ಕಾಲು ಮುಟ್ಟಿದ. ಈ ಗಳಿಗೆಯಲ್ಲಿ ಎದೆ ಹೇಗೆ ಹಾರೀತು ಎಂದು ಎರಡು ವರ್ಷ ಕಲ್ಪಿಸಿಕೊಂಡಿದ್ದ. ಈಗ ಎದೆ ಹಾರಲಿಲ್ಲ. ಸಂತೋಷವಿತ್ತು, ಅದು ಒಳಗೆ ಕಾಲು ಮಡಚಿ ಕೂತಿತ್ತು.

ಅವನು ತೆನೆಗಳ ಕಡೆ ನೋಡಿದ.

"ಹೋಗ್ತೀನ್ರಿ ಅಜ್ಜಾರ. ಇನ್ನ ಎಂಟು ದಿನಕ್ಕ ಕೊಯ್ಲು. ತೆನಿ ಮನಿಗೆ ಬರಲಿ, ಮರುದಿನ ಹೊಂಡ್ತೀನಿ."

"ಆಗಲಿ."

"ಒಂದು ಕೇಳಲ್ರಿ? ಎರಡು ವರ್ಷ ಯಾಕ ಹಿಡದಿಟ್ಟಿದ್ರಿ?"

"ನಾ ಎಲ್ಲಿ ಹಿಡದಿದ್ದೆ? ಜ್ವರ ಬಂದವನ್ನ ಪರವೂರಿಗೆ ಹೆಂಗ ಕಳಸಲಿ, ತಮ್ಮಾ?"

ನಿಜಗುಣ ತಲೆ ಬಾಗಿಸಿ ಸಣ್ಣಗೆ ನಕ್ಕ. ಅಜ್ಜಾರೂ ನಕ್ಕರು.

ಪರಗೌಡರಿಗೆ ಮಾತ್ರ ಇದು ಹಿಡಿಸಲಿಲ್ಲ. ಊರಿಗೆ ಊರೇ ಸ್ವಾಗತಕ್ಕೆ ನಿಂತಿದೆ, ಇವತ್ತೇ ಕರೆತರುತ್ತೇವೆಂದು ಹೇಳಿ ಬಂದಿದ್ದೇವೆ ಎಂದು ಗೊಣಗಿದರು. ರುಮಾಲಿನ ಸೆರಗಿನಿಂದ ಕತ್ತು ಒರೆಸಿಕೊಂಡರು. ಒಮ್ಮೆ ರಸ್ತೆಯ ಕಡೆ ನೋಡಿದರು, ಮತ್ತೊಮ್ಮೆ ನೋಡಿದರು.

"ಎಂಟು ದಿನ ನಾವೇನ್ ಮಾಡೂದ್ರಿ ಅಜ್ಜಾರ? ಇಲ್ಲೇ ಕುಂತು ಕಾಯೂದೇನು?"

ಅಜ್ಜಾರು ನಿಜಗುಣನ ಹೆಗಲ ಮೇಲಿದ್ದ ಕವಣೆ ತೆಗೆದು ಗೌಡರ ಕೈಗೆ ಕೊಟ್ಟರು.

"ಕಾಯ್ರಿ ಗೌಡ್ರ. ಬಡಗಣ ಮೂಲಿಗೆ ಯಾರೂ ಇಲ್ಲ."